ಮಿಲಿಮೀಟರ್ ಮಾವನೂ ನಿಂಬೆಯ ಹಳದಿಯೂ

ನಲವತ್ತೊಂದು ವರ್ಷ ಬಡಗಿಯಾಗಿ ದುಡಿದ ಆ ಮನುಷ್ಯನನ್ನು ಸುತ್ತಲಿನ ಮೂರು ಬೀದಿಗಳಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವನು ಮಿಲಿಮೀಟರ್ ಮಾವ. ಗಿರಾಕಿ ಯಾರಾದರೂ ಬಾಯಿತಪ್ಪಿ "ಹೆಚ್ಚು ಕಮ್ಮಿ ಮೂರಡಿ ಇರಲಿ" ಎಂದರೆ ಸಾಕು, ಮಾವ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, "ಹೆಚ್ಚೋ ಕಮ್ಮಿಯೋ, ಮೊದಲು ಅದು ಇತ್ಯರ್ಥ ಆಗಲಿ," ಎಂದು ಕೂತುಬಿಡುತ್ತಿದ್ದ. ಅವನು ಕೂರಿಸಿದ ಬಾಗಿಲುಗಳು ಮುಚ್ಚುವಾಗ ಉಸಿರಿನಷ್ಟೂ ಸದ್ದು ಮಾಡುತ್ತಿರಲಿಲ್ಲ. ಆ ಮನೆಗಳಲ್ಲಿ ಜಗಳವಾಡಿದವರು ಬಾಗಿಲು ಧಡ್ ಎಂದು ಬಡಿದು ಹೋಗುವ ಸುಖದಿಂದ ಶಾಶ್ವತವಾಗಿ ವಂಚಿತರಾಗಿದ್ದರು.

ಇಂಥ ವೀರನನ್ನು ಕೊನೆಗೆ ನೆಲಕ್ಕೆ ಕೆಡವಿದ್ದು ಮರದ ಧೂಳು. "ಇನ್ನು ಇದು ನಿಮ್ಮ ಎದೆಗೆ ಸಲ್ಲದು," ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಮಾವ ಕಾರ್ಖಾನೆಯ ಬೀಗದ ಕೈಯನ್ನು ತನ್ನ ಕೈಕೆಳಗೆ ಕಲಿತವನಿಗೆ ಒಪ್ಪಿಸಿ ಮನೆಗೆ ಬಂದ. ಮೊದಲ ತಿಂಗಳು ಮನೆಯ ಕುರ್ಚಿ ಮೇಜುಗಳ ಕಾಲನ್ನೆಲ್ಲ ಸಮ ಮಾಡಿದ. ಎರಡನೆಯ ತಿಂಗಳು ಅಕ್ಕಪಕ್ಕದ ಮನೆಗಳ ಮೇಲೆ ದಂಡೆತ್ತಿ ಹೋಗಿ ಅವರ ಕುರ್ಚಿಗಳನ್ನೂ ಸರಿಪಡಿಸಿದ. ಮೂರನೆಯ ತಿಂಗಳಿಗೆ ಬೀದಿಯಲ್ಲಿ ಅಲುಗಾಡುವ ಸಾಮಾನೇ ಉಳಿಯಲಿಲ್ಲ. ಆಮೇಲೆ ಅವನು ಕಿಟಕಿಯ ಪಕ್ಕ ಕೂತ. ಮಂಡಿಯ ಮೇಲಿಟ್ಟ ಅವನ ಎರಡು ಕೈಗಳು ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಕಾಣುತ್ತಿದ್ದವು. ಹೊತ್ತು ಕಳೆಯುವ ಆಟ ಅವನಿಗೆ ಬೇಕಿರಲಿಲ್ಲ, ಕೆಲಸ ಬೇಕಿತ್ತು. ತಾನಿಲ್ಲದಿದ್ದರೆ ನಿಂತುಹೋಗುವಂಥ, ತಪ್ಪಿದರೆ ಬೈಸಿಕೊಳ್ಳುವಂಥ ಕೆಲಸ.

ಆ ಮನೆಯಲ್ಲಿ ಅಂಥ ಕೆಲಸ ನಡೆಯುತ್ತಿದ್ದದ್ದು ಒಂದೇ ಜಾಗದಲ್ಲಿ, ಹೆಂಡತಿಯ ಅಡುಗೆಮನೆಯಲ್ಲಿ. ಮೂಲೆಯ ಟೀ ಅಂಗಡಿಗೆ ವಾರಕ್ಕೆ ಮೂರು ದಿನ ಅವಳೇ ಕೇಕ್ ಮಾಡಿ ಕೊಡುತ್ತಿದ್ದಳು. ಶನಿವಾರದ್ದು ನಿಂಬೆಯ ಕೇಕ್, ಅವಳ ಕಿರೀಟದ ಮಣಿ. ಮಾವ ಒಮ್ಮೆ ನೆರವಿಗೆಂದು ಒಳಗೆ ಹೋಗಿದ್ದುಂಟು. ಒಡೆಯಲು ಕೊಟ್ಟ ಅಕ್ರೋಟುಗಳನ್ನು ಅವನು ಮೊದಲು ಗಾತ್ರದ ಪ್ರಕಾರ ಸಾಲಾಗಿ ಜೋಡಿಸಲು ಶುರುಮಾಡಿದ. ಅರ್ಧ ಗಂಟೆಯಾದರೂ ಒಂದೂ ಒಡೆದಿರಲಿಲ್ಲ. "ರೀ, ನೀವು ಆಚೆ ಹೋಗಿ ಕೂತರೆ ಅದೇ ದೊಡ್ಡ ಉಪಕಾರ," ಎಂದು ಹೆಂಡತಿ ಸೌಟು ತೋರಿಸಿದಳು.

ಹೀಗಿರುವಾಗ ಆ ಆಯುಧ ಮನೆಗೆ ಬಂತು.

ತಂದವಳು ಸೊಸೆ. ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ಅತ್ತೆಯ ಹಳೆಯ ತುರಿಮಣೆಯನ್ನು ನೋಡಿ ನೋಡಿ ಸಾಕಾಗಿ ಹೊಸದೊಂದನ್ನು ತಂದಿದ್ದಳು. ಗೇಣುದ್ದ, ಎರಡು ಬೆರಳಗಲದ ಉಕ್ಕಿನ ಪಟ್ಟಿ, ಒಂದು ತುದಿಗೆ ಕಪ್ಪು ಹಿಡಿ, ಮೈತುಂಬ ಸಾಸಿವೆಗಿಂತ ಸಣ್ಣ ಹಲ್ಲುಗಳು. ಹಳೆಯದರ ಹಲ್ಲು ಎಷ್ಟು ಸವೆದಿತ್ತೆಂದರೆ ಅದರಲ್ಲಿ ನಿಂಬೆಯ ಸಿಪ್ಪೆ ತುರಿಯಬೇಕಾದರೆ ಅತ್ತೆ ಸೆರಗು ಸಿಕ್ಕಿಸಿ, ಉಸಿರು ಬಿಗಿಹಿಡಿದು, ಬಟ್ಟೆ ಒಗೆಯುವವರಂತೆ ತಿಕ್ಕಬೇಕಿತ್ತು.

ಹೊಸದನ್ನು ಮೇಜಿನ ಮೇಲಿಟ್ಟು ಅತ್ತೆ ಸೊಸೆ ಇಬ್ಬರೂ ಹಿತ್ತಲಿಗೆ ಹೋದರು. ಅಲ್ಲೇ ಹಾದುಹೋಗುತ್ತಿದ್ದ ಮಾವನ ಕಣ್ಣು ಅದರ ಮೇಲೆ ಬಿತ್ತು. ಬೆರಳಿನಿಂದ ಹಲ್ಲು ಸವರಿದ. ಅವನ ಮೈ ಜುಮ್ಮೆಂದಿತು. ಅವನ ಮಟ್ಟಿಗೆ ಅದು ಅಡುಗೆಯ ಸಾಮಾನೇ ಅಲ್ಲ, ಅರ. ಮರ ಉಜ್ಜುವ ಅರ, ಅದೂ ತಾನು ಜೀವಮಾನದಲ್ಲಿ ಕಂಡ ಅತ್ಯಂತ ನಯವಾದ ಅರ. ಎದುರಿಗೇ ಅಡುಗೆಮನೆಯ ಚಮಚದ ಡ್ರಾಯರ್ ಇತ್ತು. ಎರಡು ವರ್ಷದಿಂದ ಬಲಗಡೆಯ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತಿದ್ದ ದುಷ್ಟ. ಒಳಗೆ ಕಾಲಿಡಲು ಅಪ್ಪಣೆಯಿಲ್ಲದ್ದರಿಂದಷ್ಟೇ ಅದು ಇಷ್ಟು ದಿನ ಬದುಕಿತ್ತು.

ಅವರಿಬ್ಬರೂ ಹಿಂತಿರುಗಿದಾಗ ಮಾವ ನೆಲದ ಮೇಲೆ ಕೂತು, ತೊಡೆಯ ಮೇಲೆ ಡ್ರಾಯರ್ ಇಟ್ಟುಕೊಂಡು, ಹೊಸ ತುರಿಮಣೆಯಿಂದ ಅದರ ಅಂಚನ್ನು ಉಜ್ಜುತ್ತಿದ್ದ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಡಾಕ್ಟರ ಮಾತಿಗೆ ಅಷ್ಟು ಬೆಲೆ ಕೊಟ್ಟಿದ್ದ.

"ನೋಡು, ಬೆಣ್ಣೆ ಹಾಗೆ ಸರಿಯುತ್ತೆ ಈಗ," ಎಂದು ಡ್ರಾಯರನ್ನು ಹಾಕಿ ತೆಗೆದು ತೋರಿಸಿದ.

ಹೆಂಡತಿ ಡ್ರಾಯರ್ ನೋಡಲಿಲ್ಲ. ತುರಿಮಣೆಯ ಹಲ್ಲುಗಳಲ್ಲಿ ಸಿಕ್ಕಿದ್ದ ಮರದ ಹೊಟ್ಟು ನೋಡಿದಳು. "ಇದು ನಿಂಬೆಹಣ್ಣಿಗೆ ತಂದದ್ದು ಕಣ್ರೀ."

"ನಿಂಬೆಗೆ ಇಷ್ಟು ಒಳ್ಳೆ ಹಲ್ಲು ಯಾಕೆ?" ಮಾವ ನಿಜವಾಗಿಯೂ ಬೆರಗಾಗಿದ್ದ.

ಸೊಸೆ ನಗು ತಡೆಯಲಾರದೆ ಮತ್ತೆ ಹಿತ್ತಲಿಗೆ ಹೋದಳು. ಮಾವನಿಗೆ ಅಂದಿನಿಂದ ಅಡುಗೆಮನೆಯ ಹೊಸ್ತಿಲೂ ನಿಷಿದ್ಧವಾಯಿತು. ಊಟದ ತಟ್ಟೆಯನ್ನೂ ಗೋಡೆಯ ಕಿಂಡಿಯ ಮೂಲಕ, ಕೈದಿಗೆ ಕೊಡುವಂತೆ ಕೊಡಲಾಯಿತು.

ಶಿಕ್ಷೆ ಇಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಆ ಶನಿವಾರದ ನಿಂಬೆಯ ಕೇಕ್ ಕಹಿಯಾಯಿತು. ಅದರ ಮುಂದಿನ ಶನಿವಾರದ್ದೂ ಕಹಿ. ಮೂರನೆಯ ವಾರ ಟೀ ಅಂಗಡಿಯ ಯಜಮಾನಿ ತಾನೇ ಮನೆಗೆ ಬಂದಳು. ಒಳ್ಳೆಯವಳು, ಕೆಟ್ಟ ಸುದ್ದಿ ಹೇಳುವ ಮೊದಲು ಒಂದು ಲೋಟ ನೀರು ಕುಡಿದಳು.

"ಅಕ್ಕ, ಗಿರಾಕಿಗಳು ಕೇಕ್ ತಿಂದು ಔಷಧಿ ಕುಡಿದವರ ಹಾಗೆ ಮುಖ ಮಾಡ್ತಾರೆ. ಬರೋ ಶನಿವಾರವೂ ಹೀಗೇ ಆದರೆ ನಿಂಬೆಯದ್ದು ಬಿಟ್ಟುಬಿಡೋಣ. ಬಾಳೆಹಣ್ಣಿನದ್ದು ಮಾಡಿ ಕೊಡಿ, ಸಾಕು."

ಅವಳು ಹೋದ ಮೇಲೆ ಹೆಂಡತಿ ಗಂಡನ ಕಡೆ ತಿರುಗಿದಳು. "ಎಲ್ಲ ನಿಮ್ಮ ಡ್ರಾಯರಿನ ವಾರ್ನಿಶ್ಶಿನ ಪ್ರಭಾವ. ಏಳು ಸಲ ಕುದಿಸಿದೆ ಆ ತುರಿಮಣೇನ. ಹೋಗ್ಲಿಲ್ಲ."

"ವಾರ್ನಿಶ್ ಅಂಚಿಗೆ ಹಚ್ಚಲ್ಲ ಕಣೇ. ಮೇಲ್ಮೈಗಷ್ಟೇ."

"ಮಾತಾಡಬೇಡಿ."

ಮಾವ ಕಿಟಕಿಯ ಪಕ್ಕ ಹೋಗಿ ಕೂತ. ಆದರೆ ಮಾಡದ ತಪ್ಪಿಗೆ, ಅದೂ ವಾರ್ನಿಶ್‌ನಂಥ ವಿಷಯದಲ್ಲಿ, ಹೊಣೆಯಾಗುವುದು ಅವನಿಂದ ಸಾಧ್ಯವಿರಲಿಲ್ಲ. ಈ ಕಳಂಕ ಅಂಟಿಕೊಂಡರೆ ಇನ್ನು ಆ ಮನೆಯಲ್ಲಿ ಅವನ ಕೈಗೆ ಯಾರೂ ಒಂದು ಸೌಟನ್ನೂ ಕೊಡುವುದಿಲ್ಲ, ಉಳಿದ ಆಯುಸ್ಸೆಲ್ಲ ಕಿಟಕಿಯ ಪಕ್ಕದ ಕುರ್ಚಿಯೇ ಗತಿ. ಬುಧವಾರ ಬೆಳಿಗ್ಗೆ ಹೆಂಡತಿ ಅಭ್ಯಾಸಕ್ಕೆಂದು ಒಂದು ಸಣ್ಣ ಕೇಕಿಗೆ ಸಿಪ್ಪೆ ತುರಿಯುತ್ತಿದ್ದಾಗ ಮಾವ ಕಿಂಡಿಯಲ್ಲಿ ಕಣ್ಣಿಟ್ಟು ಕೂತ.

ಕಂಡದ್ದು ಘೋರ. ಅವಳು ಹೊಸ ತುರಿಮಣೆಯನ್ನು ಬಟ್ಟಲಿಗೆ ಆನಿಸಿ, ಹಳೆಯದರ ಮೇಲೆ ಹಾಕುತ್ತಿದ್ದ ಅಷ್ಟೂ ಬಲವನ್ನು ಹಾಕಿ, ನಿಂಬೆಯನ್ನು ಒಂದೇ ಜಾಗದಲ್ಲಿ ಗರಗರ ತಿಕ್ಕುತ್ತಿದ್ದಳು. ಹಲ್ಲುಗಳು ಪಾಪ, ಹೇಳಿದ್ದಕ್ಕಿಂತ ಹೆಚ್ಚೇ ದುಡಿಯುತ್ತಿದ್ದವು. ಎರಡೇ ನಿಮಿಷದಲ್ಲಿ ನಿಂಬೆ ಬೋಳಾಗಿ, ಬೆಳ್ಳಗಾಗಿ, ಅಲ್ಲಲ್ಲಿ ಹಳ್ಳಬಿದ್ದು ಹೊರಬಂತು.

ಅವಳು ಒಲೆಯ ಕಡೆ ತಿರುಗಿದಾಗ ಮಾವ ಕಿಂಡಿಯಿಂದ ಕೈ ಚಾಚಿ ಆ ನಿಂಬೆಯನ್ನು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ಒಂದು ಕಡೆ ಉಳಿದಿದ್ದ ಹಳದಿಯನ್ನು ಉಗುರಿನಿಂದ ಚಿವುಟಿ ನಾಲಿಗೆಗೆ ಇಟ್ಟುಕೊಂಡ. ಘಮ್ಮೆಂದಿತು, ಕಹಿಯಿಲ್ಲ. ಆಮೇಲೆ ಅದರ ಕೆಳಗಿನ ಬಿಳಿಯನ್ನು ಚಿವುಟಿ ಬಾಯಿಗೆ ಹಾಕಿದ. ಮುಖ ಹಿಂಡಿಹೋಯಿತು. ಅಷ್ಟು ಕಹಿ ಉಂಡು ಅಷ್ಟು ಸಂತೋಷಪಟ್ಟವರು ಇನ್ನೊಬ್ಬರಿರಲಾರರು.

ಊಟದ ಹೊತ್ತಿಗೆ ಅವನು ಸಾಕ್ಷಿಯನ್ನು ಮೇಜಿನ ನಡುವೆ ಇಟ್ಟು ವಾದ ಮಂಡಿಸಿದ. "ಮೇಲಿನ ಹಳದಿ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಅದರ ಕೆಳಗೆ ಬಿಳಿ. ಕಹಿ ಇರೋದು ಬಿಳಿಯಲ್ಲಿ. ಹಳೇ ತುರಿಮಣೆಗೆ ಅಲ್ಲೀತನಕ ಇಳಿಯೋ ತಾಕತ್ತಿರಲಿಲ್ಲ. ಇದು ಇಳಿಯುತ್ತೆ. ನೀನು ಪಾಲಿಷ್ ತೆಗಿ ಅಂದರೆ ಹಲಗೇನೇ ತೆಗೀತಿದ್ದೀಯ."

"ಮೂವತ್ತು ವರ್ಷದಿಂದ ಕೇಕ್ ಮಾಡ್ತಿದ್ದೀನಿ."

"ಮೂವತ್ತು ವರ್ಷ ಮೊಂಡು ಹಲ್ಲಲ್ಲಿ. ಹರಿತವಾದದ್ದಕ್ಕೆ ಕೈ ಬೇರೆ ಬೇಕು."

"ಅದು ನಿಮ್ಮ ಕೈ ಅಂತಲೋ?"

ಮಾವ ತಟ್ಟೆ ನೋಡಿಕೊಂಡು, "ಕೈ ಎರಡೂ ಖಾಲಿ ಇವೆ," ಎಂದ.

ಅದನ್ನು ಅವನು ತಮಾಷೆಯಾಗಿ ಹೇಳಲು ಹೊರಟಿದ್ದ, ಹಾಗೆ ಬರಲಿಲ್ಲ. ಬುದ್ಧಿವಂತೆಯಾದ ಸೊಸೆ ಆ ಬಿಳಿ ನಿಂಬೆಯನ್ನು ಒಂದಿಷ್ಟು ಚಿವುಟಿ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, "ಅತ್ತೆ, ಒಂದು ನಿಂಬೆ ಕೊಟ್ಟು ನೋಡಿ. ಹೋದರೆ ಒಂದು ನಿಂಬೆ," ಎಂದಳು.

"ಒಂದು," ಎಂದಳು ಹೆಂಡತಿ. "ಮತ್ತೆ ನಾನು ಪಕ್ಕದಲ್ಲೇ ನಿಂತಿರ್ತೀನಿ."

ಶುಕ್ರವಾರ ಬೆಳಿಗ್ಗೆ ಮಾವ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಣರಂಗ ಪ್ರವೇಶಿಸಿದ. ಕಿವಿಯಲ್ಲಿ ಪೆನ್ಸಿಲ್ ಕೂಡ ಇತ್ತು. ಹೆಂಡತಿ ಅದನ್ನು ಕಿತ್ತು ಕಪಾಟಿನ ಮೇಲಿಟ್ಟಳು. ಅವನು ನಿಂಬೆಯನ್ನು ತೊಳೆದು ಒರೆಸಿ, ತೊಟ್ಟಿನಿಂದ ತುದಿಯವರೆಗೆ ತಿರುಗಿಸಿ ನೋಡಿದ. ಮರವಾಗಿದ್ದರೆ ಮೇಜಿಗೆ ಬಿಗಿದು ಉಜ್ಜುತ್ತಿದ್ದ. ಇದನ್ನು ಎಡ ಅಂಗೈಯಲ್ಲಿ ಬಿಗಿಯಾಗಿ ಕೂರಿಸಿ, ತುರಿಮಣೆಯನ್ನು ಬೋರಲು ಹಾಕಿ ಹಣ್ಣಿನ ಮೇಲಿಟ್ಟ.

"ತಲೆಕೆಳಗೆ ಹಿಡಿದಿದ್ದೀರಿ," ಎಂದಳು ಹೆಂಡತಿ.

"ಸರಿಯಾಗೇ ಹಿಡಿದಿದ್ದೀನಿ. ಕೆಲಸ ಅಲ್ಲಾಡಬಾರದು, ಅರ ಓಡಾಡಬೇಕು."

ಪಿಟೀಲಿನ ಮೇಲೆ ಕಮಾನು ಹೋದ ಹಾಗೆ ಒಂದು ಹಗುರ ಎಳೆತ. ಭಾರ ಹಾಕಲಿಲ್ಲ, ಎಳೆದ ಜಾಗಕ್ಕೆ ಮತ್ತೆ ಹೋಗಲಿಲ್ಲ. ಹಣ್ಣನ್ನು ಒಂದು ಕೂದಲಷ್ಟು ತಿರುಗಿಸಿ ಮತ್ತೊಂದು ಎಳೆತ. ಹಳದಿಯ ನವಿರು ಎಳೆಗಳು ತುರಿಮಣೆಯ ಬೆನ್ನಿನ ಮೇಲೆ ರಾಶಿಯಾಗತೊಡಗಿದವು. ಎಷ್ಟಾಯಿತೆಂದು ಕಣ್ಣಿಗೆ ಕಾಣುತ್ತಿತ್ತು, ಎಲ್ಲಿ ಬಿಳಿ ಇಣುಕುತ್ತದೆ ಎಂಬುದೂ ಕಾಣುತ್ತಿತ್ತು. ಅಡುಗೆಮನೆಯ ತುಂಬ ಘಮ ಎದ್ದಿತು. ಎಷ್ಟೋ ದಿನದ ಮೇಲೆ ಮಾವನ ಬೆರಳುಗಳಿಗೆ ತಾವು ಯಾರೆಂದು ನೆನಪಾಗಿತ್ತು.

ಹೆಂಡತಿ ಎಂಟು ನಿಮಿಷ ಒಂದೂ ಮಾತಾಡಲಿಲ್ಲ. ಮದುವೆಯಾದ ಮೇಲೆ ಇದು ದಾಖಲೆ. ಆಮೇಲೆ ತುರಿಮಣೆಯ ಬೆನ್ನಿನಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಒಂದು ನಿಂಬೆಗೆ ಎಂಟು ನಿಮಿಷ. ನಾಳೆಗೆ ಹನ್ನೆರಡು ಬೇಕು. ಸಂಜೆತನಕ ಇದೇ ಮಾಡ್ತೀರಾ?" ಎಂದು ಕೇಳಿದಳು.

"ಮೊದಲನೇದು ಅಳತೆಗೆ. ಮಿಕ್ಕದ್ದು ಬೇಗ ಆಗುತ್ತೆ."

ಅವಳು ಬುಟ್ಟಿಯನ್ನು ಅವನ ಕಡೆ ತಳ್ಳಿದಳು. ಆರನೆಯ ನಿಂಬೆಯ ಹೊತ್ತಿಗೆ ಅವನು ಎರಡು ನಿಮಿಷಕ್ಕೆ ಇಳಿದಿದ್ದ. ಒಂಬತ್ತನೆಯದರಲ್ಲಿ ಉತ್ಸಾಹ ಮಿತಿಮೀರಿ ಹೆಬ್ಬೆರಳಿನ ತುದಿಯನ್ನೂ ಒಂದಿಷ್ಟು ತುರಿದುಕೊಂಡ. ಅಲ್ಲಿಯತನಕ ತುರಿದದ್ದು ಬೇರೆ ಬಟ್ಟಲಲ್ಲಿ ಕ್ಷೇಮವಾಗಿತ್ತು. ಹೆಂಡತಿ ಪಟ್ಟಿ ಕಟ್ಟುತ್ತ, "ನಿಮ್ಮ ಸಿಪ್ಪೆ ಹಾಕಿದರೆ ಕಹಿ ಗ್ಯಾರಂಟಿ," ಎಂದಳು. ಆ ಒಂಬತ್ತನೆಯ ನಿಂಬೆಯನ್ನು ಬಿಸಾಡಿ, ತುರಿಮಣೆಯನ್ನು ಚೆನ್ನಾಗಿ ತೊಳೆದು ಕೊಟ್ಟಳು. ಅವನು ಮಿಕ್ಕದ್ದನ್ನು ಮುಗಿಸಿದ.

ಶನಿವಾರ ಟೀ ಅಂಗಡಿಯ ಯಜಮಾನಿ ಕೇಕ್ ಒಯ್ಯಲು ತಾನೇ ಬಂದಳು. ಅಂಗಡಿಗೆ ಒಯ್ಯುವ ಮೊದಲು ಇಲ್ಲೇ ರುಚಿ ನೋಡುತ್ತೇನೆಂದಳು. ಮಾವ ಕಿಂಡಿಯ ಆಚೆ ನಿಂತು ತನ್ನ ಮೊದಲ ಬಾಗಿಲನ್ನು ಗುರುಗಳು ಪರೀಕ್ಷಿಸಿದ ದಿನಕ್ಕಿಂತ ಹೆಚ್ಚು ಬೆವರಿದ. ಅವಳು ಒಂದು ತುಂಡು ತಿಂದಳು. ಇನ್ನೊಂದು ತುಂಡು ತಿಂದಳು.

"ನಿಂಬೆ ಬದಲಾಯಿಸಿದಿರಾ ಅಕ್ಕ?"

ಹೌದೆಂದಿದ್ದರೆ ಮುಗಿಯುತ್ತಿತ್ತು, ಮೂವತ್ತು ವರ್ಷದ ಮಾನವೂ ಉಳಿಯುತ್ತಿತ್ತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು. "ನಿಂಬೆ ಅದೇ. ಸಿಪ್ಪೆ ತುರಿಯೋಕೆ ಹೊಸ ಆಳು ಇಟ್ಟುಕೊಂಡಿದ್ದೀನಿ."

"ಹಾಗಾದರೆ ಆ ಆಳನ್ನು ಬಿಡಬೇಡಿ. ಬುಧವಾರಕ್ಕೂ ಒಂದು ನಿಂಬೆಯದ್ದೇ ಇರಲಿ," ಎಂದು ಯಜಮಾನಿ ತಟ್ಟೆ ಎತ್ತಿಕೊಂಡು ಹೋದಳು.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಮಾರುಕಟ್ಟೆಯ ಹಣ್ಣಿನವನು ವಿಪತ್ತಿಗೆ ಸಿಕ್ಕಿಕೊಂಡ. ಎದುರಿಗೆ ಹೆಬ್ಬೆರಳಿಗೆ ಪಟ್ಟಿ ಕಟ್ಟಿದ ಒಬ್ಬ ಮುದುಕ ರಾಶಿಯ ಒಂದೊಂದು ನಿಂಬೆಯನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ, ಮೂಸಿ, ಮುಕ್ಕಾಲು ಪಾಲನ್ನು ಪಕ್ಕಕ್ಕಿಡುತ್ತಿದ್ದ.

"ಯಜಮಾನ್ರೇ, ಎಲ್ಲ ರಸ ತುಂಬಿದ ಹಣ್ಣೇ. ಹಿಂಡೋಕೆ ಇನ್ನೇನು ಬೇಕು?"

"ಹಿಂಡೋದು ಅವಳ ಇಲಾಖೆ. ನನಗೆ ಹೊರಮೈ ಬೇಕು. ಇದು ನೋಡು, ಮಚ್ಚೆ. ಇದು ಸುಕ್ಕು."

"ಹೀಗೆ ಆರಿಸ್ತಾ ಕೂತರೆ ಮಧ್ಯಾಹ್ನ ಆಗುತ್ತೆ."

"ಆಗಕೂಡದು," ಎಂದ ಮಾವ, ಹನ್ನೆರಡನೆಯದನ್ನು ಚೀಲಕ್ಕೆ ಹಾಕುತ್ತ, ಬಹಳ ಗತ್ತಿನಿಂದ. "ಒಂಬತ್ತಕ್ಕೆ ನನ್ನ ಕೆಲಸ ಶುರು. ಒಂದು ನಿಮಿಷ ತಡವಾದರೂ ಬೈಸಿಕೊಳ್ಳಬೇಕು."