ತಳ ಮುಟ್ಟಿದ ಬೆಸುಗೆ

ಬ್ರಿಟಿಷರು ಯುದ್ಧದಲ್ಲಿದ್ದ ಕಾಲ. ಮಡಿಕೇರಿಯಿಂದ ಭಾಗಮಂಡಲಕ್ಕೆ ಓಡುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸಿನ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟಿತು. ಹೊಸದು ತರಿಸೋಣವೆಂದರೆ ಇಂಗ್ಲೆಂಡಿನಿಂದ ಸಾಮಾನು ಬರುವುದೇ ನಿಂತಿತ್ತು. ಮಿಲಿಟರಿ ವರ್ಕ್‌ಶಾಪಿನಲ್ಲಿ ಆರ್ಕ್ ವೆಲ್ಡಿಂಗ್ ಕಲಿತು ಬಂದಿದ್ದ ನನ್ನ ಪಾಲಿಗೆ ಆ ಕೆಲಸ ಬಂತು.

ಬಿರುಕಿನ ಮೇಲೆ ವೆಲ್ಡಿಂಗ್ ರಾಡು ಓಡಿಸಿ, ಮೇಲೆ ಕಟ್ಟಿದ ಕಿಟ್ಟ ಕುಟ್ಟಿ ತೆಗೆದಾಗ ಬೆಸುಗೆ ಹೆಣೆದ ಜಡೆಯ ಹಾಗಿತ್ತು. ಆ ಬಸ್ಸಿನ ಡ್ರೈವರ್, ಶನಿವಾರಸಂತೆ ಕಡೆಯವರು, ಬಗ್ಗಿ ನೋಡಿದರು.

"ಚೆಂದಾಗೈತೆ ಮೇಸ್ತ್ರಿ. ಒಳಕ್ಕೆ ಎಷ್ಟು ಇಳಿದೈತೆ?"

ಹಿಂಬದಿಗೆ ಅಡ್ಡಪಟ್ಟಿ ಕೂತಿದ್ದರಿಂದ ಅಲ್ಲಿಂದ ನೋಡುವಂತಿರಲಿಲ್ಲ. ಜನ ತುಂಬಿದ ಬಸ್ಸು, ಆ ಇಳಿಜಾರಿನ ತಿರುವುಗಳು ಕಣ್ಣ ಮುಂದೆ ಬಂದವು.

"ನಾಳೆ ಹೇಳ್ತೀನಿ ಅಣ್ಣ. ಇವತ್ತು ಬಸ್ಸು ತೆಗೀಬೇಡಿ."

ಪರೀಕ್ಷೆಗೆಂದು ಗುಜರಿ ಚಾಸಿಯಿಂದ ಅಷ್ಟೇ ದಪ್ಪದ ಎರಡು ತುಂಡು ಕೊಯ್ದು, ಅದೇ ರಾಡು, ಅದೇ ಕರೆಂಟು, ಅದೇ ವೇಗದಲ್ಲಿ ಬೆಸೆದೆ. ಬೆಸುಗೆಗೆ ಅಡ್ಡಲಾಗಿ ಗರಗಸದಲ್ಲಿ ಕತ್ತರಿಸಿ, ಅರ ಹಾಕಿ ನುಣುಪು ಮಾಡಿದೆ. ಆದರೂ ಸೇರಿದ್ದೆಲ್ಲಿ, ಸೇರದ್ದೆಲ್ಲಿ ತಿಳಿಯಲಿಲ್ಲ. ಆಸಿಡ್ ಹಚ್ಚಿದರೆ ಕಾಣುತ್ತದೆಂದು ಪೇಟೆಯ ಅಕ್ಕಸಾಲಿಗರ ಹತ್ತಿರ ಓಡಿದೆ.

"ಚಿನ್ನ ನೋಡೋ ಆಸಿಡ್ಡಲ್ಲಿ ಕಬ್ಬಿಣ ನೋಡ್ತೀಯಾ ಮಾರಾಯ?" ಎಂದು ನಕ್ಕರೂ ಅವರು ತಾವೇ ಆಸಿಡ್ಡನ್ನು ನೀರಿನಲ್ಲಿ ತೆಳು ಮಾಡಿ ತುಂಡಿಗೆ ಸವರಿದರು. ಕಬ್ಬಿಣ ನಿಧಾನವಾಗಿ ಮಂಕಾಗಿ, ಬೆಸುಗೆ ಬೇರೆ ಬಣ್ಣದಲ್ಲಿ ಎದ್ದು ಕಂಡಿತು. ಅರ್ಧ ದಪ್ಪಕ್ಕೂ ಇಳಿದಿರಲಿಲ್ಲ. ಅದರ ಕೆಳಗೆ ಎರಡು ತುಂಡುಗಳ ನಡುವಿನ ಗೆರೆ ಕೂದಲಿನಂತೆ ಹಾಗೇ ಉಳಿದಿತ್ತು.

ಸದ್ಯ, ಬಸ್ಸು ಹೊರಡುವ ಮೊದಲೇ ತಿಳಿಯಿತಲ್ಲ ಎಂದು ಹೋದ ಉಸಿರು ವಾಪಸು ಬಂತು.

ಮರುದಿನ ಇನ್ನೊಂದು ಜೋಡಿ ತುಂಡಿನ ಅಂಚನ್ನು ಓರೆಯಾಗಿ ಅರೆದು, ನಡುವೆ ಸ್ವಲ್ಪ ಸಂದು ಬಿಟ್ಟೆ. ಸಣ್ಣ ರಾಡಿನಲ್ಲಿ ಮೊದಲು ತಳ ಕರಗಿಸಿ, ಆಮೇಲೆ ದಪ್ಪ ರಾಡಿಗೆ ಕರೆಂಟು ಏರಿಸಿ ತುಂಬಿದೆ. ಅಕ್ಕಸಾಲಿಗರು ಮತ್ತೆ ಆಸಿಡ್ ಸವರಿದರು. ಬೆಸುಗೆಯ ಬಣ್ಣ ತಳದವರೆಗೂ ಇಳಿದಿತ್ತು. ಗೆರೆ ಇರಲಿಲ್ಲ.

"ಇದು ಅಪ್ಪಟ" ಎಂದರು ಅವರು.

ಚಾಸಿಯ ಹಳೆಯ ಬೆಸುಗೆಯನ್ನು ಉಳಿಯಿಂದ ಕಡಿದು ತೆಗೆದು, ಅದೇ ರೀತಿ ಹೊಸದಾಗಿ ಬೆಸೆದೆ. "ತಳ ಮುಟ್ಟಿದೆ ಅಣ್ಣ" ಎಂದು ಡ್ರೈವರಿಗೆ ಹೇಳಿ, ಮೊದಲ ಟ್ರಿಪ್ಪಿಗೆ ನಾನೂ ಹತ್ತಿದೆ. ಪ್ರತಿ ಕುಲುಕಿಗೂ ನನ್ನ ಕಿವಿ ನೆಲದ ಹಲಗೆಯ ಕೆಳಗೇ ಇತ್ತು.

ಭಾಗಮಂಡಲದಲ್ಲಿ ಜನ ಇಳಿದದ್ದೇ ಬಸ್ಸಿನಡಿ ತೂರಿ, ಕೆಸರು ಒರೆಸಿ, ಬೆಸುಗೆಯ ಉದ್ದಕ್ಕೂ ಉಗುರು ಎಳೆದೆ. ಎಲ್ಲೂ ಬಿರುಕು ತಾಗಲಿಲ್ಲ. ಏಳಲು ಮನಸ್ಸೇ ಆಗಲಿಲ್ಲ. ಆ ಒದ್ದೆ ನೆಲದಲ್ಲಿ ಅಂಗಾತ ಮಲಗಿ ಹಾಯಾಗಿ ಉಸಿರಾಡಿದೆ.

ಚಕ್ರದ ಪಕ್ಕ ಡ್ರೈವರ್ ಮುಖ ಕಾಣಿಸಿತು. "ಏನ್ ಮೇಸ್ತ್ರಿ, ಅಲ್ಲೇ ಮಲಗ್ಬಿಟ್ರಾ? ಬನ್ನಿ, ಕಾಫಿ ಕುಡಿಯಾನ."