ಅವಲಕ್ಕಿ ಕಲಸುವಷ್ಟರಲ್ಲಿ ಒಂದಾದ ಎರಡು ರೋಗಗಳು

ನನ್ನ ತಂಗಿಯ ಮಗಳನ್ನು ತಿಂಗಳು ತಿಂಗಳೂ ಕಾಡುತ್ತಿದ್ದ ಹೊಟ್ಟೆನೋವಿಗೆ ಒಂದು ಹೆಸರು ಸಿಕ್ಕಿದ ವಾರವೇ ಅವಳಿಗೆ ಯಲ್ಲಾಪುರದ ಕಡೆಯಿಂದ ಸಂಬಂಧವೊಂದು ಬಂತು. ಬೇರೆ ಬೇರೆ ಬಂದಿದ್ದರೆ ತಂಗಿ ನಿಭಾಯಿಸುತ್ತಿದ್ದಳೇನೋ. ಜೋಡಿಯಾಗಿ ಬಂದು ಅವಳನ್ನು ಕಂಗೆಡಿಸಿದವು.

ನಮ್ಮಲ್ಲಿ ಹುಡುಗಿ ಎಷ್ಟು ದೊಡ್ಡವಳಾದರೂ ಕೂಸೇ, ಹುಡುಗ ಮಾಣಿಯೇ. ಈ ಕೂಸು ಸಿದ್ದಾಪುರದ ಶಾಲೆಯೊಂದರಲ್ಲಿ ಟೀಚರು. ನೋವಿನ ದಿನ ಮೇಜು ಹಿಡಿದು ನಿಂತು ಮಗ್ಗಿ ಹೇಳಿಸುತ್ತಿದ್ದಳು. ಮನೆಯ ಹಿರಿಯರೆಲ್ಲ "ಮದುವೆ ಆದ್ರೆ ಸರಿ ಆಗ್ತು" ಎಂದರು. ನಮ್ಮ ಕಡೆ ಮದುವೆಗಿಂತ ದೊಡ್ಡ ಔಷಧ ಇಲ್ಲ. ಗಂಡಸಿನ ಸೋಮಾರಿತನಕ್ಕೂ ಹೆಂಗಸಿನ ಹೊಟ್ಟೆನೋವಿಗೂ ಅದನ್ನೇ ಹೇಳುತ್ತೇವೆ.

ಕೊನೆಗೆ ಅವಳನ್ನು ಶಿರಸಿಯ ಹೆರಿಗೆ ಡಾಕ್ಟರಮ್ಮನ ಹತ್ತಿರ ಕರೆದೊಯ್ದವನು ಸೋದರಮಾವನಾದ ನಾನು. ಅವಳಪ್ಪನಿಗೆ ಆ ಬಾಗಿಲಲ್ಲಿ ಕೂರಲು ನಾಚಿಕೆ. ನನಗೆ ನಾಚಿಕೆ ಇರಲಿಲ್ಲವೆಂದಲ್ಲ. ಗೋಡೆಯ ಮೇಲಿದ್ದ ಗರ್ಭಕೋಶದ ಚಿತ್ರಕ್ಕೆ ಬೆನ್ನು ಹಾಕಿ ಕೂತೆ. ಎದುರಿನ ಗೋಡೆಯಲ್ಲಿ ಅದಕ್ಕಿಂತ ದೊಡ್ಡದೊಂದಿತ್ತು. ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ ಎಂಡೊಮೆಟ್ರಿಯೋಸಿಸ್ ಅಂದರು. ಮಾತ್ರೆ ನುಂಗಿ ನೋಡಿಯಾಗಿತ್ತು, ಅಂಡಾಶಯದಲ್ಲಿ ಗಂಟು ಬೆಳೆದಿತ್ತು. ಸಣ್ಣ ತೂತಿನ ಆಪರೇಷನ್ ಮಾಡಿಸಿಬಿಡಿ, ತಡ ಬೇಡ ಅಂದರು. ಕೂಸು ಅತ್ತಳು. ಹೆದರಿ ಅಲ್ಲ. "ಮಾವಾ, ಎನ್ನ ನೋವು ಸುಳ್ಳಲ್ಲ ಹೇಳಾತು" ಎಂದು ಕಣ್ಣೊರೆಸಿಕೊಂಡಳು.

ಮನೆಗೆ ಬಂದು ಹೇಳಿದರೆ ತಂಗಿ ನಮ್ಮನ್ನೇ ಸಮಾಧಾನ ಮಾಡಿದಳು.

"ಎಂಗೆ ಎಲ್ಲಾ ಗೊತ್ತಿದ್ದು ಅಣ್ಣಾ. ಹುಲೇಕಲ್ಲಿನ ಹೆಂಗಸ್ರ ಆರೋಗ್ಯದ ಸಭೆಲಿ ಮೊನ್ನೆನೇ ಹೇಳಿದ್ದ. ಗರ್ಭಕೋಶಕ್ಕೆ ಬಪ್ಪ ವೈರಸ್ಸು. ಎಚ್‌ಪಿವಿ. ಒಬ್ರಿಂದ ಒಬ್ರಿಗೆ ದಾಟ್ತಡ. ಸೂಜಿ ಹಾಕ್ಸಿರೆ ಆತು, ಹೊಟ್ಟೆ ಕೊಯ್ಯವು ಹೇಳಿ ಇಲ್ಲೆ."

ಆಪರೇಷನ್ ಮಾತು ಅಲ್ಲಿಗೇ ನಿಂತಿತು. ನಿಂತದ್ದಷ್ಟೇ ಅಲ್ಲ, ಮರುದಿನದಿಂದ ಕೂಸಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಮುಟ್ಟಾದ ಮೂರು ದಿನ ಹೊರಗೆ ಕೂರುವ ಪದ್ಧತಿಯನ್ನು ಕೂಸು ನೌಕರಿ ಸಿಕ್ಕಿದ ಮೇಲೆ ಜಗಳ ಮಾಡಿ ನಿಲ್ಲಿಸಿದ್ದಳು. ತಂಗಿ ಅದನ್ನು ವೈರಸ್ಸಿನ ಹೆಸರಲ್ಲಿ ತಿಂಗಳು ಪೂರ್ತಿ ಜಾರಿಗೆ ತಂದಳು. ಸಾಲದೆಂದು, ಮುಚ್ಚಿಟ್ಟು ಸಂಬಂಧ ಮಾಡಬಾರದೆಂಬ ಧರ್ಮಬುದ್ಧಿಯಿಂದ ಗಂಡಿನ ತಾಯಿಗೆ ಫೋನು ಮಾಡಿ ಎಚ್‌ಪಿವಿ ಅಂತಲೂ ಹೇಳಿಬಿಟ್ಟಳು.

ಕೂಸು ತಲೆ ಮೇಲೆ ಕೈ ಹೊತ್ತಳು. "ಅದು ಹೆಂಗೆ ದಾಟ್ತು ಹೇಳಿ ಗೊತ್ತಿದ್ದ ಆಯಿ ನಿಂಗೆ?"

"ಅದೊಂದು ಕೇಳಿದ್ನಿಲ್ಲೆ. ಆ ಹೊತ್ತಿಗೆ ಅವಲಕ್ಕಿ ಕಲಸಲೆ ಎದ್ದು ಹೋಗಿದ್ದೆ."

ನಮ್ಮ ಕಡೆಯ ಸಭೆಗಳೇ ಹಾಗೆ. ಭಾಷಣ ಶುರುವಾದ ಮೇಲೆ ನಾಲ್ಕು ಹೆಂಗಸರು ಒಳಗೆ ಹೋಗುತ್ತಾರೆ, ಮುಗಿಯುವಾಗ ತಟ್ಟೆ ಹಿಡಿದು ಬರುತ್ತಾರೆ. ತಂಗಿ ಮೊದಲಿನ ಗರ್ಭಕೋಶವನ್ನೂ ಕೊನೆಯ ಸೂಜಿಯನ್ನೂ ಕೇಳಿದ್ದಳು. ನಡುವಿನದೆಲ್ಲ ತೆಂಗಿನಕಾಯಿ ತುರಿಯ ಜೊತೆ ಹೋಗಿತ್ತು.

ಸಂಬಂಧ ಮುರಿಯಿತು ಎಂದುಕೊಂಡೆವು. ಆದರೆ ಹೆಣ್ಣು ಸಿಗದೆ ಗಂಡುಗಳು ಮೂವತ್ತೈದು ದಾಟುತ್ತಿರುವ ಕಾಲ ಇದು. ಭಾನುವಾರ ಗಂಡಿನ ತಾಯಿ ಮಗನನ್ನು ಕಟ್ಟಿಕೊಂಡು ಬಂದೇಬಿಟ್ಟರು.

"ರೋಗ ಯಾರಿಗೆ ಬತ್ತಿಲ್ಲೆ ಅತ್ತಿಗೇ? ಎಂಗ್ಳ ಮಾಣಿಗೂ ಸೂಜಿ ಹಾಕ್ಸ್ತ್ಯ. ಎಷ್ಟು ಬೇಕಾರೂ ಹಾಕ್ಸ್ತ್ಯ!"

ಮಾಣಿ ತನ್ನ ತೋಳನ್ನು ಒಮ್ಮೆ ನೋಡಿಕೊಂಡ.

ನಾನು ದೊಡ್ಡವನಾಗಿ ಬಾಯಿ ಹಾಕಲೇಬೇಕಾಯಿತು. ಗರ್ಭಕೋಶ ಎಂಬ ಶಬ್ದವನ್ನು ಬೀಗರೆದುರು ಆಡಲಾರದೆ, "ಒಂದು ಸಂಸಾರ ಹೇಳಿ ತಿಳ್ಕಳಿ" ಎಂದು ಸುತ್ತು ಹಾಕಿದೆ. "ಎಂಗ ಅದಕ್ಕೇ ಬಂದಿದ್ಯ" ಎಂದರು ಗಂಡಿನ ತಾಯಿ ಕೂಡಲೇ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಕೂಸು ಪಾಠಕ್ಕೆ ನಿಂತವಳ ಹಾಗೆ ಎದ್ದು ನಿಂತಳು. "ಎಚ್‌ಪಿವಿ ಹೇಳದು ಹೊರಗಿಂದ ಬಪ್ಪ ನೆಂಟ. ಗಂಡು ಹೆಣ್ಣಿನ ಸಂಬಂಧದಲ್ಲಿ ದಾಟ್ತು, ತಟ್ಟೆ ಲೋಟದಲ್ಲಿ ಅಲ್ಲ. ಹೆಚ್ಚಿನ ನೆಂಟ್ರು ತಮ್ಮಷ್ಟಕ್ಕೇ ಎದ್ದು ಹೋಗ್ತ. ಕೆಲವು ಜಾತಿಯವು ವರ್ಷಗಟ್ಲೆ ಠಿಕಾಣಿ ಹೂಡಿದ್ರೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಪ್ಪಲೂ ಸಾಕು. ಅದಕ್ಕೇ ನೆಂಟ ಬಪ್ಪ ಮೊದಲು, ಸಣ್ಣ ವಯಸ್ಸಲ್ಲೇ ಸೂಜಿ ಹಾಕ್ಸದು. ಎನ್ನದು ನೆಂಟ ಅಲ್ಲ, ಮನೆದೇ. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳದಿದ್ದು. ತಿಂಗಳು ತಿಂಗಳೂ ಅಲ್ಲೂ ರಕ್ತ ಬತ್ತು, ಹೋಪಲೆ ದಾರಿ ಇಲ್ಲೆ. ಅದಕ್ಕೇ ನೋವು. ಯಾರಿಂದಲೂ ಬಂದಿದ್ದಲ್ಲ, ಯಾರಿಗೂ ದಾಟ್ತಿಲ್ಲೆ. ಸೂಜಿ ಇಲ್ಲೆ."

ಗಂಡಿನ ತಾಯಿ ಮೆಲ್ಲಗೆ ಕೇಳಿದರು: "ಮದುವೆ ಆದ್ರೆ ಹೋಗ್ತಲ್ದ ತಂಗೀ?"

"ಇಲ್ಲೆ. ಮೊದಲು ಆಪರೇಷನ್. ಬಾಕಿದ್ದು ಮತ್ತೆ. ಮಕ್ಕಳಾಪಲೆ ಕಷ್ಟ ಆದ್ರೂ ಆಗಲಕ್ಕು, ಅದನ್ನೂ ಈಗಲೇ ಹೇಳ್ತೆ."

ಮನೆಯ ಜಗಲಿಯಲ್ಲಿ ಮದುವೆಯೆಂಬ ಆ ಔಷಧವನ್ನು ಬೇಡವೆಂದವಳು ಅವಳೊಬ್ಬಳೇ. ತಂಗಿ ಸೆರಗನ್ನು ಬಾಯಿಗೊತ್ತಿಕೊಂಡಳು. ಆಗ, ಅಲ್ಲಿಯತನಕ ಚಾ ಲೋಟದ ಒಳಗೇ ನೋಡುತ್ತಿದ್ದ ಮಾಣಿ ಬಾಯಿ ಬಿಟ್ಟ.

"ಆಪರೇಷನ್ ಆದ್ಮೇಲೂ ನೋವು ಬಪ್ಪಲೆ ಸಾಕ?"

"ಸಾಕು."

"ಬಂದ್ರೆ ಎಂತ ಮಾಡವು?"

"ಬಿಸಿನೀರಿನ ಚೀಲ ತಂದು ಕೊಡವು. 'ಎಂತಾತು, ಎಂತಾತು' ಹೇಳಿ ಕೇಳ್ತಾ ಕೂರಲಾಗ."

"ಅಕ್ಕು," ಎಂದು ಮಾಣಿ ಒಪ್ಪಿದ. ಚೀಲ ಎಲ್ಲಿ ಸಿಗುತ್ತದೆಂದು ಹೋಗುವಾಗ ನನ್ನನ್ನು ಗುಟ್ಟಾಗಿ ವಿಚಾರಿಸಿದ. ಮೆಡಿಕಲ್ ಶಾಪಲ್ಲಿ ಸಿಗುತ್ತದೆ ಎಂದೆ.

ಆಪರೇಷನ್ ಆಯಿತು. ಒಳಗೆ ಸ್ಕ್ಯಾನಿಂಗಿನಲ್ಲಿ ಕಂಡದ್ದಕ್ಕಿಂತ ಹೆಚ್ಚಿತ್ತು, ಕರುಳಿಗೂ ಅಂಟಿಕೊಂಡಿತ್ತು, ಇದನ್ನಿಟ್ಟುಕೊಂಡು ದಿನಾ ಹೇಗೆ ಪಾಠ ಮಾಡುತ್ತಿದ್ದಳೋ ಎಂದರು ಡಾಕ್ಟರಮ್ಮ. ತಂಗಿ ಗೋಡೆಗೆ ಒರಗಿ ಕೂತುಬಿಟ್ಟಳು. ವಾರ್ಡಿಗೆ ತಂದ ಮೇಲೆ ಮಗಳ ಕೈಯನ್ನು ಬಿಡಲಿಲ್ಲ.

"ಇಷ್ಟು ವರ್ಷ ನಿಂಗೆ ಜೀರಿಗೆ ಕಷಾಯ ಕುಡಿಸ್ದೆ ಕೂಸೆ. 'ನಾಟಕ ಮಾಡಡ' ಹೇಳಿ ಬೈದೆ."

ಅಷ್ಟರಲ್ಲಿ ಪಕ್ಕದ ಮಂಚದ ಅಜ್ಜಿ ಮಗಳಿಗೆ ಎಂತ ಕಾಯಿಲೆ ಎಂದು ಕೇಳಿದರು. ತಂಗಿ ಕಣ್ಣೊರೆಸಿಕೊಂಡು ಸೆಟೆದು ಕೂತಳು. "ನೆಂಟ ಅಲ್ದೇ ಅಜ್ಜಿ, ಮನೆದೇ!" ಎಂದು ಭಾಷಣ ಶುರು ಮಾಡಿದಳು. ಅಜ್ಜಿ ಯಾರ ಮನೆಯ ಪಾಲಿನ ಜಗಳವೋ ಎಂದು ಹೌಹಾರಿದರು.

"ಆಯೀ, ಸಾಕು ಮಾಡೇ," ಕೂಸು ಹೊಟ್ಟೆ ಹಿಡಿದುಕೊಂಡು ನರಳಿದಳು. "ನಗೆ ಬಂದ್ರೆ ಹೊಲಿಗೆ ಎಳೀತು."