ದಂಡೆ ಕಾಣದ ನೀರು

ಉದಗೀರದ ಅಂಗಡಿಗಳ ಉರ್ದು ಬೋರ್ಡುಗಳನ್ನು ನಾನು ಮರಾಠಿಯಲ್ಲಿ ತಿರುಗಿ ಬರೆಯುತ್ತಿದ್ದ ಕಾಲ. ದವಾಖಾನೆಯ ಡಾಕ್ಟರು ಕರೆಸಿ, ಹೆಂಗಸರ ವಾರ್ಡಿನ ಗೋಡೆ ತುಂಬ ಸಮುದ್ರದ ಚಿತ್ರ ಬರೆಯಲು ಹೇಳಿದರು. ರೋಗಿಗಳ ಮನಸ್ಸಿಗೆ ತಂಪಂತೆ. ಸಮುದ್ರದ ಚಿತ್ರವಿದ್ದ ಕ್ಯಾಲೆಂಡರೊಂದನ್ನು ಮುಂದಿಟ್ಟುಕೊಂಡು ನಾಲ್ಕು ದಿನ ನೀಲಿ ಬಳಿದೆ.

ಐದನೆಯ ದಿನ, ವಲಾಂಡಿಯ ಗುರುಬಾಯಿ ಎಂಬ ಒಕ್ಕಲಗಿತ್ತಿ ಕಾಲು ಮುರಿದುಕೊಂಡು ಆ ಗೋಡೆಯೆದುರಿನ ಮಂಚಕ್ಕೆ ಬಂದಳು. ಬಹಳ ಹೊತ್ತು ಚಿತ್ರವನ್ನೇ ನೋಡಿದಳು.

“ತಮ್ಮಾ, ಇದರ ಆಚಿ ದಂಡಿ ಎಲ್ಲದ?”

“ಸಮುದ್ರದ ಆಚಿ ದಂಡಿ ಕಾಣಂಗಿಲ್ಲವ್ವಾ.”

“ದಂಡಿ ಕಾಣದ ನೀರು ನೋಡ್ಕೋತ ನನಗ ನಿದ್ದಿ ಹತ್ತಂಗಿಲ್ಲ. ಮನಿಗಿ ಹೋಗ್ತೀನಿ.”

ಅಷ್ಟು ಹೇಳಿ, ಗಾಡಿ ಹೂಡುವಂತೆ ಮಗನನ್ನು ಕಳಿಸಿಯೇಬಿಟ್ಟಳು. ನರ್ಸಿನ ಮಾತನ್ನೂ ಕೇಳಲಿಲ್ಲ. ಆ ಕಾಲಿಟ್ಟುಕೊಂಡು ವಲಾಂಡಿಯವರೆಗೆ ಎತ್ತಿನ ಗಾಡಿಯಲ್ಲಿ ಕುಲುಕುತ್ತ ಹೋದರೆ ಗತಿಯೇನು? ನಾನು ಗಾಬರಿಯಿಂದ ಏಣಿ ಹತ್ತಿ, ನೀರಿನಾಚೆ ಮಣ್ಣಿನ ಒಡ್ಡು, ಅದರ ಮೇಲೆ ಎರಡು ಜಾಲಿಗಿಡ ಬರೆದೆ. ಆಕೆ ದಿಂಬಿಗೆ ತಲೆಯಿಟ್ಟಳು. ಗಾಡಿ ಖಾಲಿ ಹಿಂದಿರುಗಿತು.

ಸಂಜೆ ಡಾಕ್ಟರು ಬಂದು ನೋಡಿದರು.

“ಇದೇನು, ಕೆರಿ ಆಗ್ಯಾದಲ್ಲ?”

“ನಾ ಸಮುದ್ರ ನೋಡಿಲ್ರೀ, ಸಾಹೇಬ್ರ. ನೋಡಿದವರು ನೀವು. ಹೆಂಗಿರ್ತದ ಹೇಳ್ರಿ, ತಿದ್ದತೀನಿ.”

ಅವರು ಜಾಲಿಗಿಡಗಳನ್ನು ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: “ನಂದೂ ಇಲ್ಲೇ ಬಾಜೂಕಿನ ನಿಲಂಗಾ ಊರೇ ಅಪ್ಪಾ. ನಾ ಎಲ್ಲಿ ನೋಡೀನಿ? ಕೆರಿನೇ ಇರಲಿ ಬಿಡು. ತಪ್ಪಿದ್ರ ಹೇಳವರಾದ್ರೂ ಸಿಗ್ತಾರ.”

ಹೇಳುವವರು ಮರುದಿನದಿಂದಲೇ ವಾರ್ಡಿನ ಹೆಂಗಸರಲ್ಲೇ ಸಿಕ್ಕರು. ನಾನು ಆ ಕೆಲಸ ಮುಗಿಸುವ ಹೊತ್ತಿಗೆ ಗೋಡೆಯ ಮೇಲೆ ನೀರಿಗಿಂತ ಎಮ್ಮೆಗಳೇ ಹೆಚ್ಚಾಗಿದ್ದವು.